ಕಬನೂರ ಕೌಂಟರಿನ ನಾಲ್ಕನೆಯ ಗಿಟಾರು

2025ರ ನವೆಂಬರ್ 11, ಮಂಗಳವಾರ, ಬೆಳಿಗ್ಗೆ 10.40. ಮಹಾರಾಷ್ಟ್ರದ ಇಚಲಕರಂಜಿಯ ಪೊಲೀಸ್ ಠಾಣೆಯ ಮೇಜಿನ ಮುಂದೆ ಬಂದು ನಿಂತ ಹೆಂಗಸಿನ ಕೈಯಲ್ಲಿ ರಸೀದಿ ಪುಸ್ತಕ, ಕಂಕುಳಲ್ಲಿ ಒಂದು ಫೈಲು. ದೂರು ಕೊಡಬೇಕು ಎಂದರು. ಯಾರ ಮೇಲೆ ಎಂದು ಹವಾಲ್ದಾರ ರಾಮಲಿಂಗ ಕೇಳಿದ. ಗೊತ್ತಿಲ್ಲ ಎಂದರು. ಏನು ಕಳುವಾಗಿದೆ? ಏನೂ ಇಲ್ಲ. ಹೊಡೆದಾಟವೇ? ಅದೂ ಅಲ್ಲ. ರಾಮಲಿಂಗ ಪೆನ್ನು ಕೆಳಗಿಟ್ಟ.

"ಮತ್ತ ಏನ ಬರಕೊಳ್ಳಲಿ ಅಕ್ಕಾರ?"

"ನಾ ಗಿಟಾರ ಮುರದಿಲ್ಲಂತ ಬರಕೋರಿ."

ಅವರ ಹೆಸರು ಸಾವಿತ್ರವ್ವ ಚೌಗಲಾ, ವಯಸ್ಸು 47. ಕಬನೂರಿನ ಮಗ್ಗದ ಶೆಡ್ಡುಗಳ ಸಾಲಿನಲ್ಲಿ 'ವಾಯುಧಾರಾ ಪಾರ್ಸೆಲ್' ಎಂಬ ಕಂಪನಿಯ ಬುಕಿಂಗ್ ಕೌಂಟರು ನಡೆಸುತ್ತಾರೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಆ ಕೌಂಟರಿನಿಂದಲೇ ಮನೆ ನಡೆದಿದೆ, ಮಗಳು ಋತುಜಾಳ ಕಾಲೇಜು ನಡೆದಿದೆ. ಕಳೆದ ಜುಲೈಯಿಂದ ಅಲ್ಲಿ ಬುಕ್ ಆದ ಮೂರು ಬೆಲೆಬಾಳುವ ಗಿಟಾರುಗಳು ತಲುಪುವಷ್ಟರಲ್ಲಿ ಮುರಿದಿದ್ದವು. ಮೂರಕ್ಕೂ ವಿಮೆ ಇತ್ತು. ಎರಡಕ್ಕೆ ಕಂಪನಿ ಪರಿಹಾರ ಕೊಟ್ಟಿತ್ತು. ಮೂರನೆಯದರ ಅರ್ಜಿ ಬಂದ ಮೇಲೆ ಸಾವಿತ್ರವ್ವನಿಗೆ ನೋಟಿಸು ಬಂತು: ಸಾಮಾನನ್ನು ಅಜಾಗರೂಕತೆಯಿಂದ ಎಸೆದಿದ್ದು ನಿಮ್ಮ ಕೌಂಟರಿನಲ್ಲಿಯೇ, ಅಲ್ಲವೆಂದು ಶುಕ್ರವಾರ ಸಂಜೆ ಆರರೊಳಗೆ ಸಾಬೀತು ಮಾಡದಿದ್ದರೆ ಏಜೆನ್ಸಿ ರದ್ದು.

ಇನ್ಸ್‌ಪೆಕ್ಟರ್ ಉಜ್ವಲಾ ಮಗದೂಮ ಒಳಕೋಣೆಯಿಂದಲೇ ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಇದು ಕಂಪನಿಗೂ ಏಜೆಂಟರಿಗೂ ಇರುವ ಜಗಳ, ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಎಂದು ಹೇಳಿ ಕಳಿಸುವುದು ಸುಲಭವಿತ್ತು. ಆದರೂ ಅವರು ಎದ್ದು ಬಂದು ಒಂದು ಪ್ರಶ್ನೆ ಕೇಳಿದರು.

"ಮೂರೂ ಒಂದ ಜಾಗಾದಾಗ ಮುರದಾವೇನ್ರಿ?"

"ಹೌದ್ರಿ. ಕುತ್ತಿಗಿ. ಮೂರಕ್ಕೂ ಕುತ್ತಿಗಿನ."

ಉಜ್ವಲಾ ಕುರ್ಚಿ ಎಳೆದುಕೊಂಡು ಕೂತರು. ಲಾರಿಯಲ್ಲಿ ಎಸೆದ ಪೆಟ್ಟಿಗೆ ಒಮ್ಮೆ ಮೂಲೆಗೆ ಪೆಟ್ಟು ತಿನ್ನುತ್ತದೆ, ಒಮ್ಮೆ ಹೊಟ್ಟೆಗೆ. ಮೂರು ಸಲವೂ ಒಂದೇ ಜಾಗ ಹುಡುಕಿಕೊಂಡು ಬೀಳುವುದಿಲ್ಲ. ಮಧ್ಯಾಹ್ನ 12.15ಕ್ಕೆ ಅಪರಿಚಿತರ ಮೇಲೆ ವಂಚನೆಯ ಆರೋಪದಲ್ಲಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರ ಅಡಿ ಎಫ್‌ಐಆರ್ ದಾಖಲಾಯಿತು. ಮರಾಠಿಯಲ್ಲಿ ಬರೆದುಕೊಂಡಿದ್ದನ್ನು ಕಾನ್‌ಸ್ಟೇಬಲ್ ಸಾರಿಕಾ ಪೂಜಾರಿ ಕನ್ನಡದಲ್ಲಿ ಓದಿ ಹೇಳಿದಳು. ಸಾವಿತ್ರವ್ವ ಎರಡೆರಡು ಸಲ ಕೇಳಿ, ಆಮೇಲೆ ಸಹಿ ಹಾಕಿದರು.

ಅದೇ ದಿನ 3.30ಕ್ಕೆ ಉಜ್ವಲಾ ಮತ್ತು ಸಾರಿಕಾ ಕೊಲ್ಹಾಪುರದ ಶಿರೋಲಿಯಲ್ಲಿರುವ ಕಂಪನಿಯ ಆಫೀಸಿನಲ್ಲಿದ್ದರು. ಪರಿಹಾರದ ಅರ್ಜಿಗಳನ್ನು ನೋಡುವ ಅಧಿಕಾರಿ ಪ್ರಥಮೇಶ, ಮೂವತ್ತರ ಆಸುಪಾಸಿನವನು, ಮೂರೂ ಕಡತಗಳನ್ನು ತಂದಿಟ್ಟ. ವಾದ್ಯ ಕಳಿಸುವವರು ಸಾಮಾನ್ಯವಾಗಿ ಎಲ್ಲಿ ಸೋಲುತ್ತಾರೆ ಎಂದು ಉಜ್ವಲಾ ಕೇಳಿದರು. ಅವನು ಬೆರಳು ಮಡಿಸಿ ಹೇಳಿದ. ತೆಳ್ಳನೆಯ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಕಳಿಸುವ ಮೊದಲು ಫೋಟೊ ತೆಗೆದಿರುವುದಿಲ್ಲ. ಪಡೆದವರು ಪೆಟ್ಟಿಗೆ ತೆರೆಯದೆ, ಸಾಮಾನು ಸರಿಯಿದೆ ಎಂದು ಸಹಿ ಮಾಡಿಬಿಡುತ್ತಾರೆ. ಮುರಿದದ್ದು ಕಂಡ ಮೇಲೆ ಸಿಟ್ಟಿನಲ್ಲಿ ಪೆಟ್ಟಿಗೆಯನ್ನೇ ಎಸೆಯುತ್ತಾರೆ. ಏಳು ದಿನದೊಳಗೆ ಅರ್ಜಿ ಹಾಕುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಪರಿಹಾರವಿಲ್ಲ.

"ಈ ಮೂರರಾಗ?"

"ಒಂದೂ ತಪ್ಪಿಲ್ರಿ ಮ್ಯಾಡಮ್. ಇಷ್ಟ ಶಿಸ್ತಿನ ಗಿರಾಕಿ ನಾ ನೋಡೇ ಇಲ್ಲ."

ಅಂಥ ಮೂವರು, ಒಂದೇ ಕೌಂಟರಿನಿಂದ, ನಾಲ್ಕು ತಿಂಗಳಲ್ಲಿ. ಉಜ್ವಲಾ ಡೈರಿಯಲ್ಲಿ ಬರೆದುಕೊಂಡರು. ಕಳಿಸಿದವರ ಹೆಸರುಗಳು ಬೇರೆ ಬೇರೆ. ಆದರೆ ಪ್ರತಿ ಕಡತದ ಕೊನೆಯಲ್ಲೂ ತಜ್ಞರ ಪ್ರಮಾಣಪತ್ರವಿತ್ತು. ವಾದ್ಯ ರಿಪೇರಿಯಾಗದಂತೆ ಮುರಿದಿದೆ ಎಂದು ಮೂರರಲ್ಲೂ ಬರೆದದ್ದು ಒಬ್ಬನೇ: ಅಜಿಂಕ್ಯ ಮಲ್ಲಾರಿ ಲವಟೆ, ಗಿಟಾರ್ ವರ್ಕ್ಸ್, ಗಡಹಿಂಗ್ಲಜ.

ಮೂರನೆಯ ಗಿಟಾರು ಪೆಟ್ಟಿಗೆಸಹಿತ ಅಲ್ಲೇ ಇತ್ತು. ಇಬ್ಬರು ಪಂಚರ ಎದುರು ಅದನ್ನು ವಶಕ್ಕೆ ಪಡೆದು ಪಂಚನಾಮೆ ಬರೆದರು. ಪೆಟ್ಟಿಗೆಯೊಳಗೆ ಬಟ್ಟೆಯ ಚೀಲಗಳಲ್ಲಿ ತುಂಬಿದ ಮೆತ್ತನೆಯ ಉರುಳೆಗಳಿದ್ದವು. ಸಾರಿಕಾ ಒಂದನ್ನು ಮೂಗಿನ ಹತ್ತಿರ ಹಿಡಿದಳು.

"ಕುರಿ ಉಣ್ಣಿ ರೀ ಮ್ಯಾಡಮ್. ತೊಳದಿದ್ದಲ್ಲ, ಹಸಿದು."

ಮುರುಕಿನ ಸೀಳಿನಲ್ಲಿ ಹಳದಿ ಧೂಳಿನಂಥದ್ದು ಅಂಟಿತ್ತು. ಮರದ ಹೊಟ್ಟಿರಬೇಕು ಎಂದ ಪ್ರಥಮೇಶ. ಆ ಗಿಟಾರನ್ನು ಆಗಲೇ ಏಳೆಂಟು ಜನ ಮುಟ್ಟಿದ್ದರು. ಧೂಳು ಯಾವಾಗ ಕೂತಿತೋ ಹೇಳುವಂತಿರಲಿಲ್ಲ.

ಬುಧವಾರ, 12ರಂದು ಬೆಳಿಗ್ಗೆ 11ಕ್ಕೆ ಅವರು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೀಪು ನಿಲ್ಲಿಸಿದರು. ಅಂಗಡಿ ಎಂದರೆ ಹತ್ತು ಅಡಿಯ ಕೋಣೆ. ಗೋಡೆಗೆ ಗಿಟಾರುಗಳು, ನೆಲದ ಮೇಲೆ ಮರದ ಸುರುಳಿ ಸಿಪ್ಪೆಗಳು, ಮೂಲೆಯಲ್ಲಿ ಬೀರದೇವರ ಪಟ. ಅಜಿಂಕ್ಯನಿಗೆ ಮೂವತ್ತೊಂದು ವರ್ಷ. ನೇಸರಿಯ ಕುರಿಗಾರ ಮಲ್ಲಾರಿಯ ಮಗ. ಪೊಲೀಸರನ್ನು ಕಂಡು ಎದ್ದು ನಿಂತ, ಸ್ಟೂಲು ಒರೆಸಿ ಕೊಟ್ಟ.

ಅವನು ಯಾವ ಪ್ರಶ್ನೆಗೂ ತಡವರಿಸಲಿಲ್ಲ. ಮೂರೂ ಗಿಟಾರು ಕಟ್ಟಿ ಕೊಟ್ಟಿದ್ದು ತಾನೇ, ಉಣ್ಣೆ ತಮ್ಮ ಮನೆಯದೇ. ಹಾಗಿದ್ದರೆ ಮುರಿದದ್ದು ಹೇಗೆ ಎಂದರೆ, ಎಸೆದಿರುತ್ತಾರೆ ಎಂದ. ಗಿಟಾರು ಕಳಿಸುವ ಬಗೆ ಕೇಳಿದಾಗ ಮಾತ್ರ ಅವನ ಮುಖವೇ ಬದಲಾಯಿತು. ಒಂದು ಗಿಟಾರನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ತೋರಿಸತೊಡಗಿದ.

"ಇದರ ಜೀವ ಇರೂದ ಕುತ್ತಿಗ್ಯಾಗ ರೀ. ತಲಿ ಹಿಂದ ಬಾಗಿರತೈತಿ ನೋಡ್ರಿ, ಅಲ್ಲೆ ಕಟಗಿ ಭಾಳ ತೆಳ್ಳಗ. ತಂತಿ ಬಿಗದಿದ್ದಂಗ ಕಳಸಿದ್ರ ಅರವತ್ತ ಎಪ್ಪತ್ತ ಕಿಲೋ ಜಗ್ಗತಿರತೈತಿ. ಒಂದ ಪೆಟ್ಟ ಸಾಕು."

ಅದಕ್ಕೇ ಮೊದಲು ತಂತಿ ಸಡಿಲಿಸಬೇಕು. ಕುತ್ತಿಗೆಯ ಕೆಳಗೆ ಉರುಳೆ, ತಲೆಯ ಎರಡೂ ಕಡೆ ಉರುಳೆ, ತಲೆಯ ತುದಿ ಮಾತ್ರ ಎಲ್ಲೂ ತಾಗಬಾರದು. ಗಿಟಾರು ಪೆಟ್ಟಿಗೆಯಲ್ಲಿ ಅಲುಗಾಡಬಾರದು, ಪೆಟ್ಟಿಗೆ ಹೊರಗಿನ ಪೆಟ್ಟಿಗೆಯಲ್ಲಿ ಅಲುಗಾಡಬಾರದು. ಥರ್ಮಾಕೋಲು ಒಮ್ಮೆ ಒತ್ತಿದರೆ ಮತ್ತೆ ಏಳುವುದಿಲ್ಲ, ಉಣ್ಣೆ ಏಳುತ್ತದೆ. ಇದನ್ನು ಹೇಳುವಾಗ ಅವನ ಕಣ್ಣು ಮಿನುಗುತ್ತಿತ್ತು. ಸಾರಿಕಾ ಬರೆದುಕೊಳ್ಳುವುದನ್ನು ಮರೆತು ನೋಡುತ್ತಿದ್ದಳು.

ಉಜ್ವಲಾ ಒಂದು ಸಾದಾ ಗಿಟಾರು ಕೊಂಡರು. ಅದನ್ನು ಆ ಮೂರರಂತೆಯೇ ಕಟ್ಟಿಕೊಡಬೇಕು ಎಂದರು, ತನಿಖೆಗಾಗಿ.

ಅಜಿಂಕ್ಯನ ಕೈ ಅರೆಕ್ಷಣ ನಿಂತಿತು. ಆಮೇಲೆ ಅವನು ಉಣ್ಣೆಯ ಮೂಟೆ ಬಿಚ್ಚಿದ. ಕಟ್ಟಲು ಇಪ್ಪತ್ತೈದು ನಿಮಿಷ ಹಿಡಿಯಿತು. ಒಂದು ಉರುಳೆ ಕೊಂಚ ಓರೆಯಾಗಿ ಕೂತಿತೆಂದು ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಕಟ್ಟಿದ. ಟೇಪು ಅಂಟಿಸಿ, ಅದರ ಮೇಲೆ ಅಂಗೈ ಸವರಿದ ಮೇಲೆಯೇ ಪೆಟ್ಟಿಗೆ ಕೊಟ್ಟ.

ಗುರುವಾರ, 13. ಮಧ್ಯಾಹ್ನ 1.30ಕ್ಕೆ ಠಾಣೆಯ ಅಂಗಳದಲ್ಲಿ ಇಬ್ಬರು ಪಂಚರು, ಸಾವಿತ್ರವ್ವ, ಮತ್ತು ಸುದ್ದಿ ತಿಳಿದು ಗೇಟಿನ ಹೊರಗೆ ಕೂಡಿದ ಇಪ್ಪತ್ತು ಮೂವತ್ತು ಜನ. ಅಂಥ ಪ್ರಯೋಗ ಆ ಠಾಣೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ರಾಮಲಿಂಗ ಪೆಟ್ಟಿಗೆಯನ್ನು ತಲೆಯೆತ್ತರಕ್ಕೆ ಎತ್ತಿ ಕೆಳಗೆ ಹಾಕಿದ. ಸಾರಿಕಾ ಸಮಯ ಬರೆದುಕೊಂಡಳು. ಮೂಲೆಯ ಮೇಲೆ ಹಾಕಿದ, ಬೆನ್ನ ಮೇಲೆ ಹಾಕಿದ. ಓಡುತ್ತಿದ್ದ ಜೀಪಿನ ಹಿಂಬದಿಯಿಂದ ಉರುಳಿಸಿದ. ಕೊನೆಗೆ ಮೊದಲ ಮಹಡಿಯ ಮೆಟ್ಟಿಲ ಮೇಲಿಂದ ಎಸೆದ. ಪೆಟ್ಟಿಗೆ ದಡದಡನೆ ಉರುಳಿ ಗೋಡೆಗೆ ಬಡಿದು ನಿಂತಿತು.

"ಕಾಕಾ, ಸ್ವಲ್ಪ ಸಾವಕಾಶ," ಎಂದಳು ಸಾರಿಕಾ. "ಸರಕಾರಿ ಗಿಟಾರ ಅದು."

"ಸರಕಾರಿ ಅಂದಮ್ಯಾಲೆ ಹಿಂಗ ಹಾಕೂದು."

ಪಂಚರೆದುರು ಟೇಪು ಕೊಯ್ದರು. ಉಜ್ವಲಾ ಉರುಳೆಗಳನ್ನು ಒಂದೊಂದಾಗಿ ತೆಗೆದರು. ಗಿಟಾರಿಗೆ ಗೀರು ಕೂಡ ಇರಲಿಲ್ಲ. ಸಾರಿಕಾ ಒಂದು ತಂತಿ ಬಿಗಿದು ಮೀಟಿದಳು. ನಾದ ಅಂಗಳದ ತುಂಬ ಹರಡಿತು, ಗೇಟಿನ ಹೊರಗೆ ಯಾರೋ ಸಿಳ್ಳೆ ಹಾಕಿದರು. ಸಾವಿತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಪೆಟ್ಟಿಗೆಗಳನ್ನು ದಾರಿಯಲ್ಲಿ ಯಾರು ಎಷ್ಟೇ ಎಸೆದಿದ್ದರೂ ಗಿಟಾರಿನ ಕುತ್ತಿಗೆ ಮುರಿಯುವಂತಿರಲಿಲ್ಲ. ಹಾಗಿದ್ದರೆ ಮುರಿದದ್ದು ಒಂದೋ ಕಟ್ಟುವ ಮೊದಲು, ಇಲ್ಲವೇ ತಲುಪಿ ಬಿಚ್ಚಿದ ಮೇಲೆ. ಯಾವುದು ಎಂದು ಹೇಳಲು, ದಾರಿಯಲ್ಲಿರುವ ಒಂದು ಪೆಟ್ಟಿಗೆ ಬೇಕಿತ್ತು.

2.40ಕ್ಕೆ ಸಾವಿತ್ರವ್ವನ ಫೋನು ಬಡಿಯಿತು. ಕೌಂಟರಿನಲ್ಲಿ ಕೂತಿದ್ದ ಋತುಜಾ. ತಾಯಿ ಕೇಳುತ್ತ ಕೇಳುತ್ತ ಉಜ್ವಲಾರ ತೋಳು ಹಿಡಿದುಕೊಂಡರು. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಒಬ್ಬ ಉದ್ದನೆಯ ಪೆಟ್ಟಿಗೆ ತಂದು ಪುಣೆಗೆ ಬುಕ್ ಮಾಡಿ ಹೋಗಿದ್ದ. ವಿಮೆಸಹಿತ. ರಸೀದಿಗೆ ವಿಮೆಯ ಚೀಟಿ ಲಗತ್ತಿಸುವಾಗ ಈಗಷ್ಟೇ ಅವಳಿಗೆ ಹೊಳೆದಿತ್ತು, ಅದು ಗಿಟಾರು. ಪೆಟ್ಟಿಗೆ ಆಗಲೇ ವ್ಯಾನಿನಲ್ಲಿ ಹೋಗಿತ್ತು.

"ವ್ಯಾನ ಕಾಗಲಕ ಹೋಗತೈತ್ರಿ," ಎಂದರು ಸಾವಿತ್ರವ್ವ. "ಅಲ್ಲಿಂದ ದೊಡ್ಡ ಟ್ರಕ್ಕ. ನಾಕಕ್ಕ ಬಿಡತೈತಿ. ಒಂದ ನಿಮಿಷ ಆಚಿ ಈಚಿ ಆಗೂದಿಲ್ಲ."

ಪುಣೆ ಮುಟ್ಟಿದರೆ ಅದನ್ನು ಪಡೆದವನೇ ಬಿಚ್ಚುತ್ತಾನೆ. ಆಮೇಲೆ ಮತ್ತದೇ ಪ್ರಶ್ನೆ ಉಳಿಯುತ್ತದೆ. ಉಜ್ವಲಾ ಕಾಗಲಿನ ಠಾಣೆಗೆ ಫೋನು ಮಾಡಿದರು. ಕಬ್ಬಿನ ದರದ ಚಳವಳಿ ನಡೆದು ಅಲ್ಲಿಯ ಸಿಬ್ಬಂದಿಯೆಲ್ಲ ಹೆದ್ದಾರಿಯ ಬಂದೋಬಸ್ತಿನಲ್ಲಿದ್ದರು. ಆದರೆ ನೋಡುತ್ತೇವೆ ಎಂದರು. ಕಂಪನಿಯ ಶೆಡ್ಡಿನಲ್ಲಿ ಯಾರೂ ಫೋನು ಎತ್ತಲಿಲ್ಲ. 2.50ಕ್ಕೆ ಜೀಪು ಹೊರಟಿತು. ರಾಮಲಿಂಗನ ಕೈಯಲ್ಲಿ ಸ್ಟೇರಿಂಗು, ಹಿಂದೆ ಸಾರಿಕಾ ಮತ್ತು ಸಾವಿತ್ರವ್ವ.

ಹುಪರಿ ದಾಟುವವರೆಗೆ ದಾರಿ ಸರಾಗವಾಗಿತ್ತು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಮೇಲೆ ಎರಡಾಳೆತ್ತರ ಕಬ್ಬು, ಸ್ಪೀಕರಿನ ಹಾಡಿನ ಅಬ್ಬರದಲ್ಲಿ ಹಿಂದಿನ ಸೈರನ್ನು ಯಾರಿಗೂ ಕೇಳದು. ರಾಮಲಿಂಗ ಬಲಕ್ಕೆ ಹಾಕಿದ, ಎದುರಿನಿಂದ ಇನ್ನೊಂದು ಬಂತು. ಎಡಕ್ಕೆ ಇಳಿದ, ಚಕ್ರ ಮಣ್ಣಿನಲ್ಲಿ ತಿರುಗಿತು. ಗಡಿಯಾರ 3.25 ತೋರಿಸುತ್ತಿತ್ತು.

"ಯಳಗೂಡ ಮ್ಯಾಲಿಂದ ಹೊಡೀರಿ ಹವಾಲ್ದಾರ," ಎಂದು ಸಾವಿತ್ರವ್ವ ಹಿಂದಿನಿಂದ ಮುಂದಕ್ಕೆ ಬಾಗಿದರು. "ನಮ್ಮ ವ್ಯಾನಿನಾಂವ ಅಲ್ಲಿಂದನ ಹೋಗ್ತಾನ. ದಾರಿ ಛಲೋ ಇಲ್ಲ, ಖರೆ ಕಬ್ಬಿಲ್ಲ."

ದಾರಿ ನಿಜಕ್ಕೂ ಚೆನ್ನಾಗಿರಲಿಲ್ಲ. ಸಾರಿಕಾಳ ತಲೆ ಎರಡು ಸಲ ಜೀಪಿನ ಮೇಲ್ಛಾವಣಿಗೆ ತಾಗಿತು. ಅವಳು ನಕ್ಕಳು, ಸಾವಿತ್ರವ್ವನೂ ನಕ್ಕರು. 3.57ಕ್ಕೆ ಕಾಗಲಿನ ಕೈಗಾರಿಕಾ ಪ್ರದೇಶದ ಶೆಡ್ಡು ಕಂಡಾಗ, ಹಸಿರು ಟ್ರಕ್ಕಿನ ಬಾಗಿಲು ಮುಚ್ಚಿ, ಎಂಜಿನ್ನು ಶುರುವಾಗಿ, ಅದು ಗೇಟಿನತ್ತ ಮೂತಿ ತಿರುಗಿಸಿತ್ತು. ರಾಮಲಿಂಗ ಜೀಪನ್ನು ಗೇಟಿಗೆ ಅಡ್ಡ ನಿಲ್ಲಿಸಿದ. ಟ್ರಕ್ಕಿನ ಚಾಲಕ ಕಿಟಕಿಯಿಂದ ಬಗ್ಗಿ, ನಾಲ್ಕು ಗಂಟೆಗೆ ಮೂರೇ ನಿಮಿಷ ಇದೆಯೆಂದು ಮರಾಠಿಯಲ್ಲಿ ತಕರಾರು ತೆಗೆದ. ಉಜ್ವಲಾ ಕೆಳಗಿಳಿದು ಅವನ ಎಂಜಿನ್ನು ಬಂದ್ ಮಾಡಿಸಿದರು.

ಎದುರಿನ ತೂಕದ ಕಟ್ಟೆಯವನನ್ನೂ ಚಹಾದ ಅಂಗಡಿಯವನನ್ನೂ ಪಂಚರೆಂದು ಕರೆದರು. 4.20ಕ್ಕೆ ಪೆಟ್ಟಿಗೆ ಸಿಕ್ಕಿತು. ಸಾವಿತ್ರವ್ವ ತಮ್ಮ ಕೌಂಟರಿನ ಚೀಟಿ ಗುರುತಿಸಿದರು. ಟೇಪು ಎಲ್ಲೂ ಎದ್ದಿರಲಿಲ್ಲ, ಮೂಲೆಗಳು ನಜ್ಜಾಗಿರಲಿಲ್ಲ. ಅದೆಲ್ಲವನ್ನೂ ಸಾರಿಕಾ ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಆಮೇಲೆ ಉಜ್ವಲಾ ಟೇಪು ಕೊಯ್ದು ಉಣ್ಣೆಯ ಉರುಳೆಗಳನ್ನು ಎತ್ತಿದರು.

ಗಿಟಾರಿನ ಕುತ್ತಿಗೆ ಮುರಿದಿತ್ತು.

ಪೆಟ್ಟಿಗೆಯಲ್ಲಿ ಒಂದು ಸಿಬಿರೂ ಬಿದ್ದಿರಲಿಲ್ಲ. ಸೀಳಿನ ಒಳಗೆ ಅದೇ ಹಳದಿ ಧೂಳು. ಈ ಸಲ ಅದನ್ನು ಯಾರೂ ಮುಟ್ಟಿರಲಿಲ್ಲ. ಮರದ ಹೊಟ್ಟೇ ಇರಬೇಕು ಎಂದ ರಾಮಲಿಂಗ. ಸಾರಿಕಾ ತಲೆಯಾಡಿಸಿ, ಅವನ ತಂಬಾಕಿನ ಸುಣ್ಣದ ಡಬ್ಬಿ ಕೇಳಿದಳು. ಧೂಳಿನ ಬಹುಪಾಲನ್ನು ಪರೀಕ್ಷೆಗೆ ಕಳಿಸಲು ಕಾಗದದಲ್ಲಿ ಮಡಿಸಿಟ್ಟುಕೊಂಡ ಮೇಲೆ, ಉಳಿದ ಚಿಟಿಕೆಯನ್ನು ಅಂಗೈ ಮೇಲೆ ಹಾಕಿ, ಬೆರಳ ತುದಿಯ ಸುಣ್ಣದಿಂದ ತಿಕ್ಕಿದಳು. ಅಂಗೈ ಕೆಂಪಾಯಿತು.

"ಅರಿಶಿಣ ರೀ," ಎಂದಳು. ಆಮೇಲೆ, "ದೇವರ ಭಂಡಾರ," ಎಂದಳು.

ಉಜ್ವಲಾ ಅವಳನ್ನೇ ನೋಡಿದರು. ಸಾರಿಕಾ ತಗ್ಗಿದ ದನಿಯಲ್ಲಿ ಹೇಳಿದಳು. "ನಮ್ಮ ಮನ್ಯಾಗ ಉಣ್ಣಿ ಕತ್ತರಸೂ ಕತ್ರಿ ಮುರದ್ರ ಹಂಗ ಒಗಿಯೂದಿಲ್ರಿ. ಅದು ಹೊಟ್ಟಿಗಿ ಹಾಕಿದ ಸಾಮಾನ. ಮುರದ ಜಾಗಾಕ ಭಂಡಾರ ಹಾಕಿ ತಪ್ಪಾತು ಅಂತ ಕೈ ಮುಗೀತಾರ. ನಮ್ಮಪ್ಪನೂ ಹಂಗ ಮಾಡ್ತಿದ್ದ. ಇದನ್ನ ಮುರದಾಂವ ನಮ್ಮಂವಾ ರೀ, ಕುರಿ ಕಾಯೂ ಮನಿಯಾಂವ. ಮುರಿದ ಕೈ ಮುಗದಾನ."

ಪಂಚನಾಮೆ 5.05ಕ್ಕೆ ಮುಗಿಯಿತು. ಪೆಟ್ಟಿಗೆ ತಂದುಕೊಟ್ಟ ಸುಮಿತ ಎಂಬ ಮಗ್ಗದ ಕೆಲಸಗಾರ ಸಂಜೆ 6.30ಕ್ಕೆ ಕಬನೂರಿನಲ್ಲಿಯೇ ಸಿಕ್ಕ. ಭಾನುವಾರಕ್ಕೊಮ್ಮೆ ಗಡಹಿಂಗ್ಲಜಕ್ಕೆ ಹೋಗಿ ಅಜಿಂಕ್ಯನಲ್ಲಿ ಗಿಟಾರು ಕಲಿಯುತ್ತಿದ್ದ. ಕಳೆದ ಭಾನುವಾರ ಗುರುಗಳು ಕಟ್ಟಿದ ಪೆಟ್ಟಿಗೆ ಕೊಟ್ಟು ಬುಕ್ ಮಾಡು ಎಂದಿದ್ದರು, ಮಾಡಿದ. ಹಿಂದಿನ ಮೂವರೂ ಅಲ್ಲಿ ಕಲಿಯುವವರೇ ಎಂದ. ಅವನ ಫೋನಿನಲ್ಲಿ ಬುಧವಾರ ಮಧ್ಯಾಹ್ನದ ಐದು ಕರೆಗಳಿದ್ದವು, ಎಲ್ಲವೂ ಅಜಿಂಕ್ಯನವು, ಪೊಲೀಸರು ಅವನ ಅಂಗಡಿಗೆ ಬಂದು ಹೋದ ಮೇಲಿನವು. ರಾತ್ರಿ ಪಾಳಿಗೆಂದು ಹಗಲು ಮಲಗಿದ್ದ ಸುಮಿತ ಒಂದನ್ನೂ ಎತ್ತಿರಲಿಲ್ಲ. ಪೆಟ್ಟಿಗೆ ಕಳಿಸಲೆಂದೇ ಅವಸರಪಡಿಸುತ್ತಿರಬೇಕು ಎಂದುಕೊಂಡು, ಮರುದಿನ ಎದ್ದವನು ಮೊದಲು ಮಾಡಿದ ಕೆಲಸ ಗುರುಗಳ ಪೆಟ್ಟಿಗೆಯನ್ನು ಕೌಂಟರಿಗೆ ಮುಟ್ಟಿಸಿದ್ದು.

ಶುಕ್ರವಾರ, 14. ಗಡಹಿಂಗ್ಲಜ ಠಾಣೆಗೆ ತಿಳಿಸಿ, ಬೆಳಿಗ್ಗೆ 7.50ಕ್ಕೆ ಜೀಪು ನೇಸರಿ ಮುಟ್ಟಿತು. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ದಾರಿ ತೋರಿಸಿದರು. ಅಜಿಂಕ್ಯ ಅಂಗಳದಲ್ಲಿ ಕೂತು ಹಲ್ಲುಜ್ಜುತ್ತಿದ್ದ. ಜೀಪು ಕಂಡು ಎದ್ದು, ಬಾಯಿ ಮುಕ್ಕಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡ.

"ನಾಕನೇದ್ದು ಸಿಕ್ತೇನ್ರಿ?"

"ಕಾಗಲದಾಗ."

"ಹಂಗಾರ ಕೇಳೂದ ಬ್ಯಾಡ. ನಾನ ಮುರದೇನಿ."

ಉಜ್ವಲಾ ಬಂಧನದ ಕಾರಣವನ್ನು ಅವನಿಗೂ ಅವನ ತಾಯಿ ಹಣಮವ್ವನಿಗೂ ಓದಿ ಹೇಳಿದರು. ಹಣಮವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅಳಲಿಲ್ಲ. ಒಳಗೆ ಹೋಗಿ ಕರಿ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಎತ್ತಿ ತಂದು ಉಜ್ವಲಾರ ಮುಂದೆ ಇಟ್ಟರು.

"ಇದನ್ನೂ ನೋಡ್ರಿ ಬಾಯಾರ. ಎರಡ ವರ್ಷಾತು, ಯಾರೂ ನೋಡವಲ್ಲರು."

ಅದು ಅಜಿಂಕ್ಯ ತನ್ನ ಕೈಯಾರೆ ಮಾಡಿದ ಮೊದಲ ಗಿಟಾರು. ಮೂರು ವರ್ಷ ಹಿಡಿದಿತ್ತು. ಪುಣೆಯ ಒಬ್ಬ ವಾದಕ ಮುಂಗಡ ಕೊಟ್ಟು ಕಾದಿದ್ದ. 2023ರ ಸೆಪ್ಟೆಂಬರಿನಲ್ಲಿ ಕಬನೂರಿನ ಗೆಳೆಯನೊಬ್ಬನ ಕೈಯಲ್ಲಿ ವಾಯುಧಾರಾದಲ್ಲಿ ಬುಕ್ ಮಾಡಿಸಿ ಕಳಿಸಿದ. ತಲುಪಿದಾಗ ಒಡೆದಿತ್ತು. ಅವನಿಗೆ ನಿಯಮಗಳು ಗೊತ್ತಿರಲಿಲ್ಲ. ಆದರೂ ಅರ್ಜಿ ಬರೆದ, ಫೋಟೊ ಕಳಿಸಿದ, ಬಂದು ನೋಡಿರಿ ಎಂದು ಹನ್ನೊಂದು ಸಲ ಫೋನು ಮಾಡಿದ. ಎರಡು ಸಾಲಿನ ಉತ್ತರ ಬಂತು: ಪ್ಯಾಕಿಂಗ್ ಅಸಮರ್ಪಕ, ಪರಿಹಾರಕ್ಕೆ ಅರ್ಹವಲ್ಲ. ಮುಂಗಡ ಮರಳಿಸಲು ಅಪ್ಪ ಮಲ್ಲಾರಿ ಹಿಂಡಿನ ಅರ್ಧ ಕುರಿ ಮಾರಿದ. ಈಗ ಎರಡು ಗಿಟಾರಿನ ಪರಿಹಾರದಿಂದ ಅಜಿಂಕ್ಯ ಹತ್ತೊಂಬತ್ತು ಕುರಿ ತಂದು ಹಟ್ಟಿಗೆ ಬಿಟ್ಟಿದ್ದ.

ಅವನು ಪ್ರತಿ ಸಲ ಒಂದು ಹಳೆಯ ಗಿಟಾರು ಕೊಂಡು, ವಾರಗಟ್ಟಲೆ ಕೂತು ಹೊಸದರಂತೆ ಮಾಡುತ್ತಿದ್ದ. ಫೋಟೊ ತೆಗೆದು, ಸುಳ್ಳು ಬಿಲ್ಲು ಬರೆದು, ಕೊನೆಗೊಮ್ಮೆ ನುಡಿಸಿ, ತಂತಿ ಸಡಿಲಿಸಿ ಮುರಿಯುತ್ತಿದ್ದ. ಅದನ್ನು ಹೇಳುವಾಗ ಸಾರಿಕಾಳ ಕಡೆ ನೋಡಲಿಲ್ಲ.

"ಮುರದದ್ದನ್ನ ಅಷ್ಟ ಛಂದ ಯಾಕ ಕಟ್ಟತಿದ್ದಿ?" ಎಂದು ಅವಳೇ ಕೇಳಿದಳು. "ಹೆಂಗರ ಕಟ್ಟಿದ್ರ ನಮಗ ಸಿಗತಿದ್ದಿಲ್ಲ."

"ಪ್ಯಾಕಿಂಗ್ ಸರಿ ಇಲ್ಲಂತ ಇನ್ನೊಮ್ಮಿ ಯಾರೂ ಬರೀಬಾರದಿತ್ತ ಅಕ್ಕಾ."

"ಕೌಂಟರಿನ ಹೆಣ್ಣಮಗಳ ಹೊಟ್ಟಿ ಮ್ಯಾಲ ಬಿತ್ತಲ್ಲೋ ಅದು."

ಅವನು ಟವೆಲು ಮಡಿಸಿ ಹೆಗಲ ಮೇಲೆ ಹಾಕಿಕೊಂಡ. "ನನ್ನ ಅರ್ಜಿ ತಳ್ಳಿದ ಕಂಪನಿ ಕಾಗದದ ಮ್ಯಾಲ ಅವರದ ಸಹಿ ಇತ್ತು. ನಾ ಅವರ ಮಾರಿ ನೋಡಿಲ್ಲ. ಅವರೂ ನನ್ನ ಗಿಟಾರ ನೋಡಿಲ್ಲ."

ಕುರಿಗಳು ವಂಚನೆಯ ಹಣದಲ್ಲಿ ಕೊಂಡವು, ಆದ್ದರಿಂದ ಜಪ್ತಿಯಾಗಬೇಕಿತ್ತು. ಇವನ್ನು ನಿಮ್ಮ ಠಾಣೆಯಲ್ಲಿ ಯಾರು ಮೇಯಿಸುತ್ತಾರೆ ಎಂದು ಮಲ್ಲಾರಿ ಗಂಭೀರವಾಗಿಯೇ ಕೇಳಿದ. ರಾಮಲಿಂಗ ಉಜ್ವಲಾರ ಮುಖ ನೋಡಿದ. ಹತ್ತೊಂಬತ್ತಕ್ಕೂ ಕಿವಿಯ ಗುರುತು ಬರೆದುಕೊಂಡು, ನ್ಯಾಯಾಲಯ ಕೇಳಿದಾಗ ಹಾಜರುಪಡಿಸುವ ಷರತ್ತಿನ ಮೇಲೆ ಅವನ ವಶದಲ್ಲೇ ಬಿಟ್ಟರು. ಕಂಬಳಿಯ ಗಂಟನ್ನೂ ಆ ಹಳೆಯ ಪತ್ರವನ್ನೂ ಜಪ್ತಿ ಮಾಡಿದರು. 9.35ಕ್ಕೆ ಅಜಿಂಕ್ಯ ಜೀಪು ಹತ್ತಿದ. ಹಣಮವ್ವ ಅವನ ಹಣೆಗೆ ಭಂಡಾರ ಹಚ್ಚುವವರೆಗೆ ರಾಮಲಿಂಗ ಎಂಜಿನ್ನು ಶುರು ಮಾಡಲಿ‌ಲ್ಲ.

ಮಧ್ಯಾಹ್ನ ಬಂಧನದ ವರದಿ ಕಂಪನಿಗೆ ಹೋಯಿತು. 3.10ಕ್ಕೆ ಪ್ರಥಮೇಶ ಫೋನು ಮಾಡಿ, ನೋಟಿಸು ವಾಪಸು ಪಡೆದಿದ್ದೇವೆ, ಏಜೆನ್ಸಿ ಮುಂದುವರಿಯುತ್ತದೆ ಎಂದ. 4 ಗಂಟೆಗೆ ಸಾವಿತ್ರವ್ವ ಋತುಜಾಳೊಂದಿಗೆ ಪೇಡೆಯ ಪೊಟ್ಟಣ ಹಿಡಿದು ಬಂದರು. ಠಾಣೆಯಲ್ಲಿದ್ದವರಿಗೆಲ್ಲ ಹಂಚಿದರು. ರಾಮಲಿಂಗ ಎರಡು ತಿಂದ.

ಉಜ್ವಲಾ ಕಡತ ಮುಗಿಸಲು ಒಂದು ಗುರುತು ಹಿಡಿಸಬೇಕಿತ್ತು. ಕಂಪನಿಯಿಂದ ತರಿಸಿಕೊಂಡ 2023ರ ನಷ್ಟದ ವರದಿಯನ್ನು ಸಾವಿತ್ರವ್ವನ ಮುಂದಿಟ್ಟು, ಕೆಳಗಿನ ಸಹಿ ನಿಮ್ಮದೇ ಎಂದು ಕೇಳಿದರು. ಪ್ಯಾಕಿಂಗ್ ಅಸಮರ್ಪಕ. ಖುದ್ದಾಗಿ ಪರಿಶೀಲಿಸಿದವರು: ಎಸ್. ಚೌಗಲಾ.

ಸಾವಿತ್ರವ್ವ ಕನ್ನಡಕ ಹಾಕಿಕೊಂಡು ನೋಡಿದರು. ಸಹಿ ತಮ್ಮದೇ ಎಂದರು. ವಾಪಸು ಬಂದ ಪೆಟ್ಟಿಗೆಗಳ ಬಗ್ಗೆ ಆಫೀಸಿನಿಂದ ತಿಂಗಳಿಗೊಮ್ಮೆ ಹಾಳೆಗಳು ಬರುತ್ತಿದ್ದವಂತೆ, ಬರೆದೇ ಬರುತ್ತಿದ್ದವಂತೆ. ಸಹಿ ಮಾಡಿ ಕಳಿಸುವುದಷ್ಟೇ ಕೆಲಸ. ಇದು ಯಾವುದು ಎಂದು ನೆನಪಿಲ್ಲ. ಯಾರದು ಎಂದು ಕೇಳಿದರು. ಉಜ್ವಲಾ ಹೇಳಿದರು, ನೇಸರಿಯ ಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದರು.

"ಆ ಗಿಟಾರ ಎಲ್ಲೈತ್ರಿ?"

ಸಾರಿಕಾ ಜಪ್ತಿ ಸಾಮಾನು ಇಡುವ ಮುದ್ದೇಮಾಲಿನ ಕೋಣೆಯಿಂದ ಕಂಬಳಿಯ ಗಂಟು ತಂದಳು. ಸಾವಿತ್ರವ್ವ ತಾವೇ ಬಿಚ್ಚಿದರು. ಕುತ್ತಿಗೆ ನೆಟ್ಟಗಿತ್ತು. ಒಡೆದದ್ದು ಹೊಟ್ಟೆ. ಪಕ್ಕದ ಹಲಗೆಯಲ್ಲಿ ರೂಪಾಯಿ ಅಗಲದ ದುಂಡನೆಯ ತೂತು, ಒಳಹೊಕ್ಕ ವಸ್ತು ಹಿಂದಿನ ಹಲಗೆಯನ್ನು ಸೀಳಿಕೊಂಡು ಹೊರಬಿದ್ದಿತ್ತು. ಪಂಚನಾಮೆಯಲ್ಲಿ ಉಜ್ವಲಾ ಅದನ್ನು 'ಕಾರಣ ತಿಳಿಯದ ರಂಧ್ರ' ಎಂದು ಬರೆದಿದ್ದರು. ಸಾವಿತ್ರವ್ವ ತೂತಿನ ಅಂಚಿಗೆ ಬೆರಳು ತಾಗಿಸಿ, ಅಲ್ಲಿಯ ಕಪ್ಪು ಎಣ್ಣೆಯ ಕಲೆ ನೋಡಿದರು.

"ಮಗ್ಗದ ಸರಳ ಇದು," ಎಂದರು. "ವ್ಯಾನಿನಾಗ ಮ್ಯಾಲ ಹಾಕ್ಯಾರ. ಎಂಥಾ ಪ್ಯಾಕಿಂಗ್ ಇದ್ರೂ ತೂರತೈತಿ. ಒಮ್ಮಿ ನೋಡಿದ್ರ ನಂಗ ಅವತ್ತ ಗೊತ್ತಾಕ್ಕಿತ್ತು."

ಋತುಜಾ ತಾಯಿಯ ಭುಜ ಮುಟ್ಟಿದಳು. ಮನೆಗೆ ಹೋಗೋಣ ಎಂದಳು. ಸಾವಿತ್ರವ್ವ ಏಳಲಿಲ್ಲ.

"ಇದನ್ನೂ ಬರಕೋರಿ ಬಾಯಾರ."

ಉಜ್ವಲಾ ಪೆನ್ನು ಎತ್ತಲಿಲ್ಲ. ಬರೆದುಕೊಂಡರೆ ಅದು ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಕಂಪನಿಗೆ ಗೊತ್ತಾಗುತ್ತದೆ. ನೋಡದೆ ವರದಿಗೆ ಸಹಿ ಹಾಕಿದಿರಿ ಎಂದು ಇದೇ ಕೌಂಟರನ್ನು ಅವರು ನಾಳೆ ಮತ್ತೆ ಕೇಳಬಹುದು ಎಂದು ಬಿಡಿಸಿ ಹೇಳಿದರು. ಅಜಿಂಕ್ಯ ಮಾಡಿದ್ದು ಅಪರಾಧವೇ, ಈ ಮಾತಿನಿಂದ ಅದು ಅಳಿಯುವುದಿಲ್ಲ ಎಂದೂ ಹೇಳಿದರು.

"ಗೊತ್ತೈತ್ರಿ," ಎಂದರು ಸಾವಿತ್ರವ್ವ. ಗಿಟಾರಿನ ಮೇಲೆ ಕಂಬಳಿಯನ್ನು ಮತ್ತೆ ಹೊದಿಸಿ, ಅಂಚು ಒಳಗೆ ಮಡಿಸಿದರು. "ಬರಕೋರಿ."

4.50ಕ್ಕೆ ಪೂರಕ ಹೇಳಿಕೆ ಆರಂಭವಾಯಿತು. ಮೊದಲ ವಾಕ್ಯವನ್ನು ಅವರು ಯಾರೂ ಕೇಳುವ ಮೊದಲೇ ಹೇಳಿ ಬರೆಸಿದರು: ನಾನು ಪೆಟ್ಟಿಗೆಯನ್ನು ತೆರೆದು ನೋಡಿರಲಿಲ್ಲ.